ತಾನಾಗಿ ಬಿದ್ದ ಮರಗಳು

ಹೊಸ ಕಾನೂನು ಬಂದ ಮೇಲೆ ಆ ಸೀಮೆಯಲ್ಲಿ ಯಾರೂ ಒಂದು ಮರವನ್ನೂ ಕಡಿಯಲಿಲ್ಲ. ಮರಗಳೇ ಬಿದ್ದವು. ಮೊದಲು ಗಾಳಿಗಾಲದಲ್ಲಿ ಅಲ್ಲೊಂದು ಇಲ್ಲೊಂದು ಬೀಳುತ್ತಿದ್ದ ಕಾಡಿನಲ್ಲಿ ಈಗ ವಾರವಾರ ಲಾರಿ ತುಂಬುವಷ್ಟು ಬಿದ್ದವು. ಅದೂ ಎಂಥ ಮರಗಳು! ಟೊಳ್ಳಾದದ್ದು, ಡೊಂಕಾದದ್ದು, ಹುಳ ಹಿಡಿದದ್ದು ಒಂದೂ ಬೀಳಲಿಲ್ಲ. ನೆಟ್ಟಗೆ ಬೆಳೆದು, ತಿರುಳು ಗಟ್ಟಿಯಾಗಿ, ಒಳ್ಳೆ ಹಲಗೆ ಬರುವಂಥವು ಮಾತ್ರ ಬಿದ್ದವು. ಗಾಳಿಗೆ ಅಷ್ಟು ಮರಜ್ಞಾನ ಇದೆಯೆಂದು ಅಲ್ಲಿಯವರೆಗೆ ಯಾರಿಗೂ ಗೊತ್ತಿರಲಿಲ್ಲ.

ಕಾನೂನು ಚಿಕ್ಕದೇ. ಸರ್ಕಾರಿ ಕಾಡಿನಲ್ಲಿ ನಿಂತ ಮರಕ್ಕೆ ಯಾರೂ ಕೈ ಹಚ್ಚುವಂತಿಲ್ಲ. ಗಾಳಿಗೆ ತಾನಾಗಿ ಬಿದ್ದದ್ದನ್ನು ಮಾತ್ರ ಮಿಲ್ಲಿನವರು ಸಾಗಿಸಬಹುದು. ಮೀರಿದವರ ಮಿಲ್ಲಿಗೆ ಬೀಗ. ಇದನ್ನು ಓದಿದ ದಿನ ಮರದ ಮಿಲ್ಲು ಮಾಲೀಕರ ಸಂಘದ ಅಧ್ಯಕ್ಷರಿಗೆ ಊಟ ಸೇರಲಿಲ್ಲ. ಸೀಮೆಯಲ್ಲೇ ದೊಡ್ಡ ಮಿಲ್ಲು ಅವರದು. ಅವರಪ್ಪ ಕಟ್ಟಿದ್ದು. ಬೆಳಿಗ್ಗೆ ಗರಗಸ ಕಿರ್ರೆಂದರೆ ಮಾತ್ರ ಅವರಿಗೆ ಬೆಳಗಾದಂತೆ. ರಜೆಯ ದಿನ ಆ ಸದ್ದಿಲ್ಲದೆ ಎದ್ದು ಕೂತು, ಹೆಂಡತಿಗೆ ವಿನಾಕಾರಣ ರೇಗುವ ಮನುಷ್ಯ.

ಮೊದಲು ಸಂಘದವರು ಬೀದಿಗಿಳಿದರು. "ಹಕ್ಕಿಗೆ ಗೂಡು ಬೇಕು, ನಮ್ಮ ಹೊಟ್ಟೆಗೆ ಬೇಡವೇ?" ಎಂದು ಅಧ್ಯಕ್ಷರು ಲಾರಿಯ ಮೇಲೆ ಹತ್ತಿ ಗಂಟಲು ಹರಿಯುವಂತೆ ಕೂಗಿದರು. ಮಾರನೆಯ ದಿನ ಪತ್ರಿಕೆಯವರು ಆ ಮಾತಿನ ಮೇಲ್ಗಡೆ ಪಕ್ಕದಿಂದ ತೆಗೆದ ಅವರ ಫೋಟೋ ಅಚ್ಚು ಹಾಕಿದ್ದರು. ಹಸಿದ ಹೊಟ್ಟೆ ಅಂಗಿಯ ಎರಡು ಗುಂಡಿಯನ್ನು ಕಿತ್ತುಕೊಂಡು ಹೊರಗೆ ಬಂದಿತ್ತು. ಚಳವಳಿ ಅಲ್ಲಿಗೇ ಮುಗಿಯಿತು.

ಆಮೇಲೆ ಸಂಘ ಒಬ್ಬ ಸಲಹೆಗಾರನನ್ನು ಕರೆಸಿತು. ಕಂಪನಿಗಳ ಹೆಸರಿಗೆ ಮೆತ್ತಿದ ಮಸಿ ಒರೆಸುವುದೇ ಅವನ ಕಸುಬು. ಮರದ ಹೊಟ್ಟಿನ ಮೇಲೆ ಹೊಳೆಯುವ ಬೂಟು ಊರಿಕೊಂಡು ಬಂದವನು, ಮಿಲ್ಲಿನ ಆಫೀಸಿನಲ್ಲಿ ಕೂತ ಮಾಲೀಕರನ್ನೆಲ್ಲ ಒಂದು ಸುತ್ತು ನೋಡಿ ಹೇಳಿದ: "ನಿಮ್ಮ ತೊಂದರೆ ಮರದಲ್ಲಿಲ್ಲ ಸಾರ್. ಕ್ರಿಯಾಪದದಲ್ಲಿದೆ."

ಮಾಲೀಕರು ಮುಖಮುಖ ನೋಡಿಕೊಂಡರು. ಶಾಲೆ ಬಿಟ್ಟ ಮೇಲೆ ಅವರಲ್ಲಿ ಯಾರಿಗೂ ಕ್ರಿಯಾಪದದಿಂದ ತೊಂದರೆಯಾಗಿರಲಿಲ್ಲ.

"ಮರ ಕಡಿದ್ವಿ ಅಂದ್ರೆ ಕಡಿದವರು ಯಾರು ಅಂತ ಕೇಳ್ತಾರೆ. ಮರ ಬಿತ್ತು ಅನ್ನಿ. ಯಾರು ಅಂತ ಕೇಳೋಕೆ ಅಲ್ಲಿ ಯಾರೂ ಇರಲ್ಲ. ಇವತ್ತಿಂದ ಸಂಘದಲ್ಲಿ 'ಕಡಿ' ಅನ್ನೋ ಮಾತೇ ಬೇಡ."

ಸಂಘದ ಹೆಸರು ಹಸಿರು ಬಂಧು ಬಳಗ ಎಂದಾಯಿತು. ಫಲಕ ಬರೆಯಲು ಅಗಲವಾದ ಹಲಗೆ ಬೇಕಾಗಿ ಒಂದು ಹಳೆಯ ಮರ ಬಿತ್ತು. 'ಕಡಿ' ಎಂಬುದು ಬಾಯಿಂದ ಜಾರಬಾರದೆಂದು ಎಲ್ಲರೂ ನಾಲಗೆ ಬಿಗಿ ಹಿಡಿದರು. ಕನ್ನಡದಲ್ಲಿ ಅದು ಸುಲಭವಲ್ಲ. ಒಬ್ಬ ಎದ್ದು, "ಸೊಳ್ಳೆ ಕಡಿದ್ರೆ ಏನನ್ನಬೇಕು?" ಎಂದ. "ಸೊಳ್ಳೆ ಮುಟ್ಟಿತು" ಎಂದು ತೀರ್ಮಾನವಾಯಿತು. ಇನ್ನೊಬ್ಬ 'ಕಡಿಮೆ' ಅನ್ನಬಹುದೇ ಎಂದು ಕೇಳಿದ. ಅರ್ಧಕ್ಕೇ ಕೆಮ್ಮು ಬಂದರೆ ಅಪಾಯ, 'ಸ್ವಲ್ಪ' ಎನ್ನುವುದೇ ಮೇಲು ಎಂದಿತು ಸಭೆ. ಮೂಲೆಯಲ್ಲಿ ತೂಕಡಿಸುತ್ತಿದ್ದ ಹಿರಿಯ ಮಾಲೀಕರೊಬ್ಬರನ್ನು ಎಬ್ಬಿಸಿ, ತೂಕಡಿಸುವುದರಲ್ಲೂ 'ಕಡಿ' ಇದೆ, ನಿದ್ದೆ ಬಂದರೆ ಪೂರ್ತಿ ಮಲಗಿಬಿಡಿ ಎಂದು ಎಚ್ಚರಿಸಿದರು.

ಅಧ್ಯಕ್ಷರಿಗೆ ಈ ವ್ಯಾಕರಣ ಮೈಗೇ ಹತ್ತಿಬಿಟ್ಟಿತು. ಮನೆಯಲ್ಲಿ ಕಾಫಿ ಲೋಟ ಕೈಜಾರಿ ಒಡೆದರೆ, "ಲೋಟ ಒಡೀತು" ಎನ್ನುತ್ತಿದ್ದರು.

"ತಾನಾಗೇನಾ?" ಎಂದು ಕೇಳುತ್ತಿದ್ದಳು ಹೆಂಡತಿ, ಕಸಬರಿಗೆ ತರುತ್ತ.

ಕರೆಂಟು ಬಿಲ್ಲು ಕಟ್ಟಲು ಮರೆತರೆ "ತಾರೀಖು ದಾಟಿಹೋಯ್ತು". ಅವಳ ಅಕ್ಕನ ಮಗಳ ಮದುವೆಗೆ ಹೋಗದಿದ್ದರೆ "ಬರೋದು ತಪ್ಪಿಹೋಯ್ತು". ಪ್ರತಿಸಲವೂ ಅವಳದು ಅದೇ ಒಂದು ಮಾತು, "ತಾನಾಗೇನಾ?" ಅಧ್ಯಕ್ಷರಿಗೆ ಮೈಯೆಲ್ಲ ಉರಿಯುತ್ತಿತ್ತು. ಸಂಘದಲ್ಲಿ ಯಾರೂ ಕೇಳದ ಪ್ರಶ್ನೆ ಅಡುಗೆಮನೆಯಿಂದ ಬರುವುದೆಂದರೇನು?

ಮರ ಬೀಳುವ ಕೆಲಸ ಅವಳ ತಮ್ಮನದಾಗಿತ್ತು. ಅವನನ್ನು ಎಲ್ಲರೂ ಗೂಟ ಎನ್ನುತ್ತಿದ್ದರು. ನೆಲಕ್ಕೊಂದು ಗೂಟ ನೆಟ್ಟು, ಎಷ್ಟೇ ದೊಡ್ಡ ಮರವಾದರೂ ಸರಿಯಾಗಿ ಅದರ ತಲೆಯ ಮೇಲೆಯೇ ಬೀಳಿಸಿ ಗೂಟವನ್ನು ನೆಲಕ್ಕೆ ಹೂತುಬಿಡುವುದರಲ್ಲಿ ಎತ್ತಿದ ಕೈ. ಅದಕ್ಕೆ ತಕ್ಕ ಜಂಬವೂ ಇತ್ತು. ಮಾತಿಗೆ ಕೂತರೆ ತಾನು ಬೀಳಿಸಿದ ಮರ, ಅದು ಬಿದ್ದ ಗೆರೆ, ನೋಡಿದವರು ಮೂಗಿನ ಮೇಲೆ ಬೆರಳಿಟ್ಟದ್ದು, ಇಷ್ಟೇ. ಹೊಸ ಕಾನೂನಿಗೆ ತಕ್ಕ ಹಾಗೆ ಅವನೂ ಕೆಲಸ ಬದಲಿಸಿಕೊಂಡ. ಗರಗಸ ಮುಟ್ಟುತ್ತಿರಲಿಲ್ಲ. ಬುಡದ ಮಣ್ಣು ಸಡಿಲ ಮಾಡಿ, ಮರದ ನೆತ್ತಿಗೆ ಉಕ್ಕಿನ ಹಗ್ಗ ಕಟ್ಟಿ, ಕಾಡಿನೊಳಗಿನ ಇನ್ನೊಂದು ಮರವನ್ನು ಬಳಸಿ ತಂದು, ಲಾರಿಯ ರಾಟೆಗೆ ಹಾಕಿ ಎಳೆಸುತ್ತಿದ್ದ. ಮರ ಬೇರುಸಹಿತ ಎದ್ದು ಮಲಗುತ್ತಿತ್ತು. ಬುಡದಲ್ಲಿ ಗರಗಸದ ಗೆರೆಯಿಲ್ಲ, ಕೊಡಲಿಯ ಗಾಯವಿಲ್ಲ. ಸಾಕ್ಷಾತ್ ಗಾಳಿಯೇ!

ಹೀಗೆ ಒಂದು ವರ್ಷ ಗಾಳಿ ಸಂಘದ ಕೂಲಿಯಾಳಾಗಿ ದುಡಿಯಿತು. ಸಂಬಳ ಕೇಳಲಿಲ್ಲ, ರಜೆ ಹಾಕಲಿಲ್ಲ.

ಆಮೇಲೆ ಸುದ್ದಿ ಬಂತು. ಅರಣ್ಯ ಇಲಾಖೆಯಿಂದ ಒಬ್ಬ ಮಹಿಳಾ ಅಧಿಕಾರಿ ಬಿದ್ದ ಮರಗಳನ್ನು ನೋಡಲು ಬರುತ್ತಾರೆ. ಮೊದಲಿಗೆ ಅಧ್ಯಕ್ಷರ ಮಿಲ್ಲಿನ ಪಾಲಿನ ಇಳಿಜಾರು. ಒಂದು ಮರ ಬೀಳಿಸಿದ್ದೆಂದು ಸಾಬೀತಾದರೂ ಬೀಗ.

ಅಧ್ಯಕ್ಷರು ಅಂದೇ ಗೂಟನನ್ನು ಕರೆದುಕೊಂಡು ಇಳಿಜಾರಿಗೆ ಓಡಿದರು. ನೋಡಿದವರೇ ತಲೆಯ ಮೇಲೆ ಕೈಹೊತ್ತು ಕೂತರು. ಕಾಡಿನ ರಸ್ತೆಯ ಎರಡೂ ಬದಿಗೆ ಮರಗಳು ಸಾಲಾಗಿ ಮಲಗಿದ್ದವು. ಎಲ್ಲದರ ಬುಡ ರಸ್ತೆಗೆ, ತುದಿ ಕಾಡಿಗೆ. ನಡುವೆ ಅಳೆದು ಬಿಟ್ಟಂಥ ಜಾಗ. ಎಣ್ಣೆ ಹಾಕಿ, ಬೈತಲೆ ತೆಗೆದು ಬಾಚಿದ ತಲೆಯಂತಿತ್ತು ಕಾಡು.

"ಏನೋ ಇದು?" ಎಂದರು ಅಧ್ಯಕ್ಷರು.

ಗೂಟ ಹೊಗಳಿಕೆಯೆಂದೇ ತಿಳಿದ. "ಬುಡ ರಸ್ತೆ ಕಡೆ ಇದ್ರೆ ಲಾರಿಗೆ ಏರಿಸೋಕೆ ಸಲೀಸು ಭಾವ. ದಾರ ಹಿಡಿದು ನೋಡಿ ಬೇಕಾದ್ರೆ, ಒಂದು ಗೇಣು ಆಚೀಚೆ ಇಲ್ಲ."

"ಗಾಳಿ ದಾರ ಹಿಡೀತದೇನೋ ದಡ್ಡ! ಅಡ್ಡಾದಿಡ್ಡಿ ಬೀಳಿಸೋಕೆ ನಿನಗೇನಾಗಿತ್ತು ದಾಡಿ?"

ಗೂಟನ ಮುಖ ಕಪ್ಪಿಟ್ಟಿತು. "ಅಡ್ಡಾದಿಡ್ಡಿನಾ? ನಾನಾ? ನೋಡಿದೋರು ಏನಂದಾರು ಭಾವ?"

ನೋಡುವವರು ಒಬ್ಬರೇ, ಅವರು ಬರುವುದೂ ಅದಕ್ಕೇ ಎಂದು ಎಷ್ಟು ಹೇಳಿದರೂ ಅವನ ತಲೆಗೆ ಹತ್ತಲಿಲ್ಲ. ಅವನಿಗೆ ಬೇರೆಯೇ ಕೊರಗು. ಸಾಲಿನ ತುದಿಯತ್ತ ಕೈ ತೋರಿಸಿ, "ಅಲ್ನೋಡಿ. ಮೊನ್ನೆ ರಾತ್ರಿ ನಿಜವಾದ ಗಾಳಿಗೆ ಒಂದು ದರಿದ್ರ ಮರ ಬಿದ್ದು ನನ್ನ ಸಾಲನ್ನೇ ಕೆಡಿಸಿಬಿಟ್ಟಿದೆ. ಎತ್ತಿಸಿಬಿಡ್ತೀನಿ" ಎಂದ.

ಅಧ್ಯಕ್ಷರು ನೋಡಿದರು. ಒಂದು ಮರ ಸಾಲಿಗೆ ಓರೆಯಾಗಿ, ಕೊಂಬೆ ಮುರಿದುಕೊಂಡು, ಬುಡ ಸೀಳಿಕೊಂಡು, ಬೇರುಗಳನ್ನು ಆಕಾಶಕ್ಕೆ ಚೆಲ್ಲಿ ಬಿದ್ದಿತ್ತು. ಅವರ ಕಣ್ಣಲ್ಲಿ ನೀರು ಬಂತು. ಇಷ್ಟು ಅಸಹ್ಯವಾದ, ಇಷ್ಟು ಪ್ರಾಮಾಣಿಕವಾದ ಮರವನ್ನು ಅವರು ನೋಡಿ ಕಾಲವಾಗಿತ್ತು.

"ಮುಟ್ಟಿದ್ರೆ ಕೈ ಮುರೀತೀನಿ. ನಮ್ಮನ್ನ ಕಾಪಾಡೋದು ಅದೊಂದೇ. ನಾಳೆ ಮೇಡಂನ ಮೊದಲು ಅದರ ಮುಂದೇನೇ ನಿಲ್ಲಿಸ್ತೀನಿ. ನೀನು ಬಾಯಿ ಬಿಡಬೇಡ. ಏನು ಕೇಳಿದ್ರೂ 'ಬಿತ್ತು ಮೇಡಂ' ಅನ್ನು, ಸಾಕು."

ಮಾರನೆಯ ದಿನ ಬಂದ ಅಧಿಕಾರಿ ಸಣ್ಣಗಿನ ಹೆಂಗಸು. ಮಂಡಿಯವರೆಗೆ ರಬ್ಬರ್ ಬೂಟು, ತಲೆಗೊಂದು ಮಾಸಿದ ಟೋಪಿ. ಸಲಹೆಗಾರ ಚಾಚಿದ ಹೂಗುಚ್ಛವನ್ನು ತೆಗೆದುಕೊಂಡು ಜೀಪಿನ ಸೀಟಿನ ಮೇಲಿಟ್ಟು, ಸೀದಾ ನಡೆಯತೊಡಗಿದಳು. ಅಧ್ಯಕ್ಷರು "ಈ ಕಡೆ ಮೇಡಂ, ಈ ಕಡೆ" ಎಂದು ಓರೆ ಮರದತ್ತ ಓಡುತ್ತಿದ್ದರೆ, ಅವಳು ರಸ್ತೆಯ ನಡುವೆ ನಿಂತುಬಿಟ್ಟಳು. ಎಡಕ್ಕೆ ನೋಡಿದಳು. ಬಲಕ್ಕೆ ನೋಡಿದಳು.

"ಗಾಳಿ ಯಾವ ಕಡೆಯಿಂದ ಬೀಸಿತು?"

"ಅಲ್ಲಿಂದ" ಎಂದು ಅಧ್ಯಕ್ಷರು ಎಡಗಡೆ ತೋರಿಸಿದರು. ಅದೇ ಗಳಿಗೆಗೆ ಸಲಹೆಗಾರ ಬಲಗಡೆ ತೋರಿಸಿದ.

"ಆ ಬದಿಯವು ಆ ಕಡೆಗೆ ಬಿದ್ದಿವೆ, ಈ ಬದಿಯವು ಈ ಕಡೆಗೆ. ಅಂದ್ರೆ ಗಾಳಿ ಇಲ್ಲೇ ರಸ್ತೆ ಮಧ್ಯೆ ನಿಂತ್ಕೊಂಡು ಎರಡೂ ಕಡೆ ಬೀಸಿತಾ?"

"ಹವಾಮಾನ ಬದಲಾವಣೆ ಮೇಡಂ" ಎಂದ ಸಲಹೆಗಾರ, ಕಣ್ಣು ಮಿಟುಕಿಸದೆ. "ಗಾಳಿಗಳೆಲ್ಲ ಮೊದಲಿನ ಹಾಗಿಲ್ಲ." ಹವಾಮಾನ ಬದಲಾವಣೆ ಎನ್ನುವುದು ಹೊಟ್ಟೆ ತುಂಬಿದವರ ಕಟ್ಟುಕಥೆಯೆಂದು ಇದೇ ಸಂಘ ಕರಪತ್ರ ಹಂಚಿ ಇನ್ನೂ ವರ್ಷವಾಗಿರಲಿಲ್ಲ. ಅದನ್ನು ಬರೆದವನೂ ಇವನೇ.

ಅವಳು ನಗಲಿಲ್ಲ. ಗೂಟನ ಕಡೆ ತಿರುಗಿದಳು. "ನೀವು ಇಲ್ಲೇ ಕೆಲಸ ಮಾಡೋರಾ?"

"ಬಿತ್ತು ಮೇಡಂ" ಎಂದ ಗೂಟ.

ಅಧ್ಯಕ್ಷರು ನಡುವೆ ಬಾಯಿ ಹಾಕಿದರು. ಹೇಗೋ ಅವಳನ್ನು ಸಾಲಿನ ತುದಿಗೆ ಕರೆತಂದು ಓರೆ ಮರದ ಮುಂದೆ ನಿಲ್ಲಿಸಿದರು. ಗಾಳಿಯ ರಭಸ, ಸಡಿಲ ಮಣ್ಣು, ಬೇರಿನ ಬಡತನ, ಇದನ್ನೆಲ್ಲ ಬಣ್ಣಿಸತೊಡಗಿದರು. ವರ್ಷದಲ್ಲಿ ಮೊದಲ ಸಲ ನಿಜ ಹೇಳುತ್ತಿದ್ದುದರಿಂದ ನಾಲಗೆ ತಡವರಿಸಿತು. ಅವಳು ಮರದ ಸುತ್ತ ಒಂದು ಸುತ್ತು ಬಂದಳು. ಸೀಳಿದ ಬುಡ ಮುಟ್ಟಿ ನೋಡಿದಳು. ಮತ್ತೆ ಹಿಂದೆ ತಿರುಗಿ, ನೆಟ್ಟಗೆ ಮಲಗಿದ ಸಾಲುಗಳನ್ನು ತುಸು ಹೊತ್ತು ಮೆಚ್ಚಿಗೆಯಿಂದಲೇ ನೋಡಿದಳು.

"ಅವು ಬಿದ್ದಿರೋದು ಎಷ್ಟು ಚೆಂದ!" ಎಂದಳು. "ಅಂಥ ಕೆಲಸ ನಾನು ಎಲ್ಲೂ ನೋಡಿಲ್ಲ."

ಗೂಟನ ಎದೆ ಒಂದಂಗುಲ ಮೇಲೆದ್ದಿತು.

"ಆದ್ರೆ ಇದನ್ನ ಬೀಳಿಸಿದವನು ಯಾರೋ ಹೊಸಬ ಇರಬೇಕು. ಕೈ ಪಳಗಿಲ್ಲ. ಛೆ, ಬುಡ ಎಲ್ಲ ಸೀಳಿಸಿ ಒಳ್ಳೇ ಮರ ಹಾಳು ಮಾಡಿದಾನೆ."

ಅಧ್ಯಕ್ಷರು ಗೂಟನ ಕಾಲು ತುಳಿಯಲು ಹೋದರು. ತುಳಿದದ್ದು ಸಲಹೆಗಾರನ ಹೊಳೆಯುವ ಬೂಟನ್ನು. ಅಷ್ಟರಲ್ಲಿ ಗೂಟ ಒಂದು ಹೆಜ್ಜೆ ಮುಂದಕ್ಕೆ ಬಂದಿದ್ದ. ಅವನ ಮುಖ ಕೆಂಪಗೆ ಕೆಂಡವಾಗಿತ್ತು.

"ಅದು ನಂದಲ್ಲ ಮೇಡಂ! ಅಮ್ಮನಾಣೆಗೂ ನಾನು ಕಡಿದದ್ದಲ್ಲ! ಅದೊಂದು ಗಾಳಿಗೆ ಬಿದ್ದದ್ದು!"

ಅಧ್ಯಕ್ಷರಿಗೆ ನೆಲ ಬಾಯಿಬಿಟ್ಟು ತಮ್ಮನ್ನು ನುಂಗಬಾರದೇ ಅನ್ನಿಸಿತು. ಸಲಹೆಗಾರ ಬೂಟಿಗೆ ಮೆತ್ತಿದ ಮಣ್ಣು ಒರೆಸುತ್ತ, ನಿಧಾನವಾಗಿ, ಯಾರಿಗೂ ಸಂಬಂಧವಿಲ್ಲದವನಂತೆ ತನ್ನ ಕಾರಿನ ದಿಕ್ಕಿಗೆ ಸರಿದ. ಗೂಟನೊಬ್ಬನೇ ನೆಮ್ಮದಿಯಾಗಿದ್ದ. ಮಾನ ಉಳಿದಿತ್ತಲ್ಲ.

"ಹಾಗಾದ್ರೆ ಇದೊಂದು ನಿಮ್ಮದು" ಎಂದಳು ಅಧಿಕಾರಿ, ಓರೆ ಮರವನ್ನು ತಟ್ಟಿ. "ಕಾನೂನು ಪ್ರಕಾರ ಸಾಗಿಸಬಹುದು. ಎಲ್ಲಿಗೆ ಸಾಗಿಸ್ತೀರೋ ನೀವೇ ನೋಡ್ಕೊಳ್ಳಿ. ಮಿಲ್ಲಂತೂ ಇವತ್ತಿಂದ ತೆರೆಯೋದಿಲ್ಲ."

ಅವಳು ಬೇಕೆಂದೇ ಆ ಹೊಸಬನ ಮಾತು ಎತ್ತಿದಳೋ, ನಿಜವಾಗಿ ಮರ ಹಾಳಾಯಿತೆಂದು ಮರುಗಿ ಅಂದಳೋ, ಅಧ್ಯಕ್ಷರಿಗೆ ಕಡೆಯವರೆಗೂ ಗೊತ್ತಾಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಬೀಗ ಬಿತ್ತು. ಅದನ್ನು ಹಾಕಿದ ಪೇದೆ, ಗೇಟಿನ ಮೇಲಿದ್ದ ಅಧ್ಯಕ್ಷರ ಅಪ್ಪನ ಕಾಲದ ಫಲಕಕ್ಕೆ ತಲೆ ತಾಗದಂತೆ ಬಗ್ಗಿ ಹೋದ. ಗರಗಸ ನಿಂತ ಮಿಲ್ಲಿನೊಳಗೆ ಅಧ್ಯಕ್ಷರು ಎಂದೂ ಕೇಳದ ಸದ್ದುಗಳಿದ್ದವು. ತಗಡಿನ ಮೇಲೆ ಅಳಿಲು ಓಡುವುದು, ನಲ್ಲಿ ತೊಟ್ಟಿಕ್ಕುವುದು. ಕೆಲಸದವರು ಬುತ್ತಿಡಬ್ಬಿ ಕೈಯಲ್ಲಿ ಹಿಡಿದು ಗೇಟಿನ ಹೊರಗೆ ನಿಂತಿದ್ದರು. ಲಾರಿ ಹತ್ತಿ ಹೊಟ್ಟೆಯ ಬಗ್ಗೆ ಅಷ್ಟೆಲ್ಲ ಕೂಗಿದ್ದ ಅಧ್ಯಕ್ಷರು ಅವರ ಮುಖ ನೋಡಲು ಧೈರ್ಯ ಸಾಲದೆ ಹಿಂದಿನ ಬಾಗಿಲಿನಿಂದ ಮನೆಗೆ ಬಂದರು.

ಹೆಂಡತಿ ಊಟಕ್ಕೆ ತಟ್ಟೆ ಇಡುತ್ತಿದ್ದಳು. ಗಂಡನ ಮುಖ ನೋಡಿ ಕೇಳಿದಳು: "ಏನಾಯ್ತು ರೀ?"

"ಮಿಲ್ಲು ಮುಚ್ಚಿಹೋಯ್ತು" ಎಂದರು ಅಧ್ಯಕ್ಷರು.

ಅವಳು ಬಾಯಿ ತೆರೆದಳು. ಏನು ಬರುತ್ತದೆಂದು ಅವರಿಗೆ ಗೊತ್ತಿತ್ತು. ಅದಕ್ಕೇ ಕಾದು, ನಿನ್ನ ತಮ್ಮನಿಂದಲೇ ಹೀಗಾಯಿತೆಂದು ಎರಗಲು ಮಾತು ಜೋಡಿಸಿಕೊಂಡಿದ್ದರು. ಆದರೆ ಅವಳು ಅದನ್ನು ಕೇಳಲಿಲ್ಲ. ಅವರ ಬೆವರಿದ ಅಂಗಿ, ಕೆಸರಾದ ಕಾಲು ನೋಡಿ ಸುಮ್ಮನೆ ನೀರು ತಂದಿಟ್ಟಳು.

ಅವಳು ಕೇಳಿದ್ದರೆ ಬೈಯಬಹುದಿತ್ತು. ಕೇಳದೆ ಹೋದದ್ದರಿಂದ ಪ್ರಶ್ನೆ ಅವರ ತಲೆಯೊಳಗೇ ಕೂತುಬಿಟ್ಟಿತು. ಅಧ್ಯಕ್ಷರು ಕೈ ತೊಳೆದರು, ತಟ್ಟೆಯ ಮುಂದೆ ಕೂತರು, ಒಂದು ತುತ್ತು ಕಲಸಿ ಹಾಗೇ ಬಿಟ್ಟರು.

"ತಾನಾಗಿ ಅಲ್ಲ ಕಣೇ" ಎಂದರು ಕಡೆಗೆ. "ಕಡಿದ್ವಿ. ನಾನೇ ಕಡಿಸಿದೆ."

ಒಂದು ವರ್ಷದಿಂದ ಬಾಯಿಗೆ ಬಾರದ ಮಾತು. ಅವಳು ತನಗೂ ಒಂದು ತಟ್ಟೆ ತಂದು ಅವರ ಪಕ್ಕದಲ್ಲಿಟ್ಟಳು. ಅಂಗಳದಿಂದ ಗೂಟನ ದನಿ ಬರುತ್ತಿತ್ತು. ಇಲಾಖೆಯ ಮೇಡಂ ಖುದ್ದಾಗಿ ಬಂದು ತನ್ನ ಸಾಲು ನೋಡಿ ಏನಂದರೆಂದು ಅವನು ಪಕ್ಕದ ಮನೆಯವರಿಗೆ ಹೇಳುತ್ತಿದ್ದ.