ಅತ್ತೆಯ ಹೆಸರಿನ ಮಗಳು

ಮಾನ್ವಿಯ ಜಯಾಬಾಯಿಗೆ ಒಂದೇ ಕನಸು ಮತ್ತೆ ಮತ್ತೆ ಬೀಳುತ್ತಿತ್ತು. ದೇವದುರ್ಗದ ಆಚೆ ಕೃಷ್ಣೆಯ ದಂಡೆ. ಮೊಣಕಾಲಮಟ ನೀರಿನಲ್ಲಿ ನಿಂತು ಆಕೆ ಮಗಳನ್ನು ಹೆಸರು ಹಿಡಿದು ಕೂಗುತ್ತಾಳೆ. ಹೆಸರು ನೀರಿನ ಮೇಲೆ ತೇಲುತ್ತ ಹೋಗುತ್ತದೆ. ಯಾರೂ ತಡೆಯುವುದಿಲ್ಲ. ಎಚ್ಚರಾದಾಗ ಬಾಯಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು, ನಿಜವಾಗಿ ಅಂದುಬಿಟ್ಟೆನೋ ಎಂದು.

ಅನ್ನುವಂತಿರಲಿಲ್ಲ. ಮಗಳ ಹೆಸರು ಸತ್ಯಭಾಮಾ, ಅದು ತೀರಿಹೋದ ಅತ್ತೆಯ ಹೆಸರು. ಗಂಡನ ಹೆಸರು, ಅತ್ತೆ-ಮಾವಂದಿರ ಹೆಸರು ಸೊಸೆಯ ಬಾಯಲ್ಲಿ ಬರಬಾರದು. ಈ ಕಟ್ಟಳೆ ಯಾರು ಮಾಡಿದರೋ, ಹೆತ್ತವಳಂತೂ ಮಾಡಿರಲಿಕ್ಕಿಲ್ಲ.

ಅತ್ತೆಯ ಮೇಲೆ ಆಕೆಗೆ ಸಿಟ್ಟಿರಲಿಲ್ಲ. ಒಂಬತ್ತರ ವಯಸ್ಸಿಗೆ, ಆಗಿನ್ನೂ ದೇವದುರ್ಗದಲ್ಲಿದ್ದ ಗಂಡನ ಮನೆಗೆ ಸೊಸೆಯಾಗಿ ಬಂದಾಗ, ತವರು ನೆನೆದು ಅಳುವ ಹುಡುಗಿಯನ್ನು ಮಗ್ಗುಲಿಗೆಳೆದುಕೊಂಡು ಮಲಗಿಸಿದವರು ಅವರೇ. ಸತ್ಯಭಾಮಾ ಎಂಬುದೂ ಅವರು ಹುಟ್ಟಿನಿಂದ ತಂದದ್ದಲ್ಲ. ಮದುವೆಯಲ್ಲಿ ತಟ್ಟೆಯ ಅಕ್ಕಿಯ ಮೇಲೆ ವರ ಉಂಗುರದಿಂದ ಹೊಸ ಹೆಸರು ಬರೆದನೆಂದರೆ ತವರಿನ ಹೆಸರು ಅಲ್ಲಿಗೆ ಮುಗಿಯಿತು. ತವರಿನಲ್ಲಿ ನಿಮ್ಮನ್ನು ಏನೆಂದು ಕರೆಯುತ್ತಿದ್ದರು ಎಂದು ಸೊಸೆ ಒಮ್ಮೆ ಕೇಳಿದ್ದಳು. ಅತ್ತೆ ಬಹಳ ಹೊತ್ತು ಜಂತಿಯತ್ತ ನೋಡಿ, ಮರೆತುಹೋಗಿದೆ ಎಂದಿದ್ದರು.

ಅವರು ತೀರಿಹೋದ ವರ್ಷವೇ ಹುಟ್ಟಿದ ಮಗಳಿಗೆ ಗಂಡ ತನ್ನ ತಾಯಿಯ ಹೆಸರಿಟ್ಟ. ತೊಟ್ಟಿಲ ದಿನ ಕೂಸಿನ ಕಿವಿಯಲ್ಲಿ ಅದನ್ನು ಹೇಳಿದವಳು ನಾದಿನಿ. ಜಯಾಬಾಯಿಯ ಪಾಲಿಗೆ ಉಳಿದದ್ದು ಬರೀ "ತಂಗೀ". ಓಣಿಯ ಹುಡುಗಿಯರೆಲ್ಲ ತಂಗಿಯರೇ. ಒಮ್ಮೆ ಕೂಗಿದರೆ ನಾಲ್ಕು ತಲೆ ತಿರುಗುತ್ತಿದ್ದವು. ಬೈಯುವ ಹಾಗೂ ಇಲ್ಲ, ಅತ್ತೆಗೇ ಬೈದಂತಾದೀತು. ಹುಡುಗಿ ಇದನ್ನು ಚೆನ್ನಾಗಿಯೇ ಬಳಸಿಕೊಂಡಳೆನ್ನಿ.

ಬಳೆ ತರುವ ಬಡೇಬೀ ಮಾತ್ರ ಬಾಗಿಲಿನಿಂದಲೇ ಸತ್ಯಭಾಮಾ ಎಂದು ಬಾಯ್ತುಂಬ ಕರೆಯುತ್ತಿದ್ದಳು. ಜಯಾಬಾಯಿಗೆ ಹೊಟ್ಟೆಕಿಚ್ಚಾಗುತ್ತಿತ್ತು. ಆದರೂ ಬೇಕೆಂದೇ ಚೌಕಾಸಿ ಬೆಳೆಸಿ, ಆ ಹೆಸರು ಇನ್ನೊಂದು ಸಲ ಕಿವಿಗೆ ಬೀಳುವಂತೆ ಮಾಡಿಕೊಳ್ಳುತ್ತಿದ್ದಳು.

ಎರಡನೆಯ ಮಹಾಯುದ್ಧ ಮುಗಿದ ವರ್ಷ, ಹುಡುಗಿಗೆ ಹದಿನಾಲ್ಕಾದಾಗ, ರಾಯಚೂರಿನ ಸಂಬಂಧ ಕೂಡಿಬಂತು. ಮಾನ್ವಿಯಲ್ಲೇ ಮದುವೆ, ನಸುಕಿನ ಮುಹೂರ್ತ. ಉಪವಾಸ, ಹೋಮದ ಹೊಗೆ, ನಿದ್ದೆಗೇಡು. ಅಕ್ಕಿಯ ತಟ್ಟೆ ಬರುವ ಹೊತ್ತಿಗೆ ಹುಡುಗಿ ಬಾಸಿಂಗದ ಭಾರಕ್ಕೆ ತಲೆ ಬಾಗಿಸಿ ತೂಕಡಿಸುತ್ತಿದ್ದಳು. ಅಳಿಯ "ಇಂದಿರಾ" ಎಂದು ಬರೆದ. ಹೆಂಗಸರು ಓದಿದರು, ನಕ್ಕರು, ಹುಡುಗಿ ತಲೆಯೆತ್ತುವ ಮೊದಲೇ ತಟ್ಟೆ ಮುಂದಕ್ಕೆ ಹೋಯಿತು.

ಕಂಬಕ್ಕೊರಗಿ ನಿಂತಿದ್ದ ಜಯಾಬಾಯಿ ಆ ಹೆಸರನ್ನು ತುಟಿಯೊಳಗೇ ಅಂದು ನೋಡಿದಳು. ಇಂದಿರಾ. ಯಾವ ಅತ್ತೆಯದೂ ಅಲ್ಲ, ಮಾವನದಂತೂ ಅಲ್ಲವೇ ಅಲ್ಲ. ಇದನ್ನು ತಾನು ಕರೆಯಬಹುದು. ಮೈಯೆಲ್ಲ ಹಗುರಾಯಿತು. ಊಟದ ಗದ್ದಲದಲ್ಲಿ ಆಕೆ ಕನಸಿನಲ್ಲಿ ನಡೆದಂತೆ ಓಡಾಡಿದಳು. ಸಾರಿನ ಪಾತ್ರೆ ಯಾರೋ ಕೇಳಿದರೆ ಪಾಯಸದ್ದು ಕೊಟ್ಟಳು. ಎಲ್ಲರ ನಡುವೆ ಸುಮ್ಮನೆ ಕೂಗಿಬಿಡಲು ಮನಸ್ಸಾಗಲಿಲ್ಲ. ಕಳಿಸಿಕೊಡುವ ಗಳಿಗೆಗೆಂದು ಇಟ್ಟುಕೊಂಡಳು.

ಇಳಿಹೊತ್ತಿಗೆ ಬಂಡಿ ಬಂತು. ಉಡಿ ತುಂಬಿಸಿಕೊಂಡ ಹುಡುಗಿ ಅಳುತ್ತ ಅಂಗಳ ದಾಟಿದಳು. ಜಯಾಬಾಯಿ ಹೊಸ್ತಿಲಲ್ಲಿ ನಿಂತು, ಇಷ್ಟು ವರ್ಷದ ಆಸೆಯನ್ನೆಲ್ಲ ಕೂಡಿಸಿ ಕೂಗಿದಳು.

"ಇಂದಿರಾ."

ಹುಡುಗಿ ತಿರುಗಲಿಲ್ಲ. ತಾಯಿ ಇನ್ನೂ ಗಟ್ಟಿಯಾಗಿ ಕರೆದಳು. ಈಗ ಹುಡುಗಿ ನಿಂತಳು, ತಿರುಗಿ ತಾಯಿಯನ್ನು ನೋಡಿದಳು, ಆಮೇಲೆ ತಾಯಿಯ ಹಿಂದಿನ ಪಡಸಾಲೆಯಲ್ಲಿ ಯಾರನ್ನೋ ಹುಡುಕಿದಳು. ಅತ್ತು ಬಾಡಿದ ಮುಖದಲ್ಲಿ ಒಂದಿಷ್ಟು ಧೈರ್ಯ ಮೂಡಿತು.

"ಯಾರವ್ವಾ ಆಕಿ?" ಎಂದು ಕೇಳಿದಳು. "ಆಕೀನೂ ನನ್ನ ಜೋಡಿ ಬರತಾಳೇನು?"