ಐದು ತಿಂಗಳ ಬಾಯಿಬೀಗ

ಬೀದಿಯವರೆಲ್ಲ ಅವಳನ್ನು ಬೇಕರಿ ಅಮ್ಮ ಎಂದೇ ಕರೆಯುತ್ತಿದ್ದರು. ಬೆಳಗಾಗುವ ಮುಂಚೆ ಹಿಟ್ಟು ನಾದಲು ನಿಂತರೆ ಕೈಗಿಂತ ಬಾಯಿಯೇ ಜೋರು. ಮಗ, ಸೊಸೆ, ಪಕ್ಕದ ಬೀದಿಯಿಂದ ದಿನವೂ ಕೆಲಸಕ್ಕೆ ಬರುತ್ತಿದ್ದ ಮಗಳು, ಯಾರಿಗೂ ವಿನಾಯಿತಿ ಇರಲಿಲ್ಲ. ಒಂದೇ ಒಂದು ವಿಷಯಕ್ಕೆ ಮಾತ್ರ ಆ ಬಾಯಿಗೆ ಬೀಗ. ಬಸುರಿನ ಸುದ್ದಿ ಐದು ತಿಂಗಳು ತುಂಬುವವರೆಗೆ ಹೊಸ್ತಿಲು ದಾಟಬಾರದು. ಆಸ್ಪತ್ರೆಗೂ ಹೋಗಕೂಡದು, ಅಲ್ಲಿನ ಬೆಂಚಿನ ಮೇಲೆ ಅರ್ಧ ಬೀದಿಯೇ ಕೂತಿರುತ್ತದಲ್ಲ! ಅವಳ ಅತ್ತೆ ಹಾಗೇ ನಡೆಸಿದ್ದಳು, ಅತ್ತೆಯ ಅತ್ತೆಯೂ.

"ಒಲೆ ಬಾಗಿಲು ನಡುವೆ ತೆಗೆದ್ರೆ ಬ್ರೆಡ್ಡು ಕುಸಿದುಹೋಗುತ್ತೆ. ಹೊಟ್ಟೆನೂ ಅಷ್ಟೇ. ಬೇಯೋವರೆಗೂ ಸುಮ್ನಿರ್ಬೇಕು" ಎನ್ನುತ್ತಿದ್ದಳು.

ಈ ಪದ್ಧತಿ ಆ ಮನೆಯಿಂದಲೇ ಒಮ್ಮೆ ಬಲಿ ತೆಗೆದುಕೊಂಡಿತ್ತು. ಹಿಂದೆ ಮಗಳು ಬಸುರಾದಾಗ, ಐದನೆಯ ತಿಂಗಳಲ್ಲಿ ಹೊಟ್ಟೆ ಇದ್ದಕ್ಕಿದ್ದಂತೆ ಉಬ್ಬಿ ಉಸಿರಾಡುವುದೇ ಕಷ್ಟವಾಯಿತು. ಅವಳಿ ಎಂದು ಆಸ್ಪತ್ರೆಯಲ್ಲಿ ತಿಳಿದದ್ದೂ ಅಂದೇ, ಎರಡನ್ನೂ ಕಳೆದುಕೊಂಡದ್ದೂ ಅಂದೇ. ತಪ್ಪನ್ನು ಹುಡುಕಲು ಬೇಕರಿ ಅಮ್ಮ ದೂರ ಹೋಗಲಿಲ್ಲ. ಎದುರುಮನೆಯ ದರ್ಜಿಯ ಹೆಂಡತಿ ಒಮ್ಮೆ ಮಗಳ ಹೊಟ್ಟೆಯತ್ತ ನೋಡಿ ನಕ್ಕಿದ್ದಳು. "ಅವಳ ಕೆಟ್ಟ ಕಣ್ಣು!" ಎಂದು ಹತ್ತು ಜನರೆದುರು ಹಳಿದು, ಅಂದಿನಿಂದ ಮಾತು ಬಿಟ್ಟಳು.

ಈಗ ಸೊಸೆಗೆ ಮೂರು ತಿಂಗಳು. ವಾಂತಿಯಿಂದ ಹೈರಾಣಾಗಿದ್ದವಳನ್ನು ಮಗಳೇ ಗುಟ್ಟಾಗಿ ಸ್ಕ್ಯಾನಿಂಗಿಗೆ ಕರೆದೊಯ್ದಳು. ಅವಳಿ. ಕೂಸಿಗೆ ರಕ್ತ ಉಣಿಸುವ ಮಾಸು ಎರಡಕ್ಕೂ ಒಂದೇ. ನಾಲ್ಕನೆಯ ತಿಂಗಳಿಂದ ಹದಿನೈದು ದಿನಕ್ಕೊಮ್ಮೆ ನೋಡಲೇಬೇಕೆಂದರು ಡಾಕ್ಟರಮ್ಮ. ಸೊಸೆ ಮುಚ್ಚಿಡಲಿಲ್ಲ. ಮನೆಗೆ ಬಂದವಳೇ ಅತ್ತೆಯೆದುರು ಎಲ್ಲ ಹೇಳಿಬಿಟ್ಟಳು.

"ನನ್ನ ಬೆನ್ನ ಹಿಂದೆ ಹೋದ್ರಾ? ನಾವೆಲ್ಲ ಹೆರಲಿಲ್ವಾ? ನಮ್ಮನ್ನ ಯಾವ ಡಾಕ್ಟ್ರು ನೋಡಿದ್ರು?"

"ನೀವು ಹೆತ್ರಿ ಅತ್ತೆ. ನಿಮ್ಮ ಮಗಳ ಕಥೆ ಏನಾಯ್ತು?"

"ಅದು ಕಣ್ಣು ಬಿದ್ದಿದ್ದು!"

"ಒಂದೇ ಮಾಸಲ್ಲಿ ಇಬ್ರಿದ್ದಾಗ ಒಂದಕ್ಕೆ ರಕ್ತ ಹೆಚ್ಚು, ಇನ್ನೊಂದಕ್ಕೆ ಕಮ್ಮಿ ಹೋಗ್ಬಹುದಂತೆ. ಬೇಗ ಗೊತ್ತಾದ್ರೆ ದಾರಿ ಇದೆಯಂತೆ. ಒಲೇಲಿ ಒಂದು ಕಡೆ ಕಾವು ಹೆಚ್ಚಾದ್ರೆ ನೀವೇ ಬಾಗಿಲು ತೆಗೆದು ಟ್ರೇ ತಿರುಗಿಸಲ್ವಾ? ಕುಸಿಯುತ್ತೆ ಅಂತ ಸೀದುಹೋಗೋಕೆ ಬಿಡ್ತೀರಾ?"

ಬೇಕರಿ ಅಮ್ಮ ಬಾಯಿ ತೆರೆಯುವಷ್ಟರಲ್ಲಿ ಮಗಳು ಅಂದಳು, "ಅಮ್ಮ, ನನ್ನ ಮಕ್ಕಳನ್ನ ಯಾರ ಕಣ್ಣೂ ತಿನ್ನಲಿಲ್ಲ. ಯಾರೂ ನೋಡ್ದೇ ಇದ್ದಿದ್ದಕ್ಕೆ ಹೋದ್ವು."

ಆ ಮಾತು ಎದೆಗೆ ನಾಟಿತು. ಆದರೂ ಸೋಲೊಪ್ಪುವ ಜೀವವಲ್ಲ ಅದು. ಕೆಲವು ದಿನ ಮುಖ ಊದಿಸಿಕೊಂಡಿದ್ದು, ಕೊನೆಗೆ "ಆ ಡಾಕ್ಟರಮ್ಮನ್ನ ನಾನೂ ಎರಡು ಮಾತು ಕೇಳ್ಬೇಕು" ಎಂದು ಸೊಸೆಯ ಜೊತೆ ತಾನೇ ಹೊರಡತೊಡಗಿದಳು.

ನಾಲ್ಕು ತುಂಬಿ ಐದಕ್ಕೆ ಬಿದ್ದಾಗ ಒಮ್ಮೆ ಹೀಗೇ ಹೋದರು. ಪರದೆಯ ಮೇಲೆ ಒಂದು ಕೂಸು ತುಂಬಿದ ನೀರಿನಲ್ಲಿ ತೇಲುತ್ತಿತ್ತು. ಇನ್ನೊಂದಕ್ಕೆ ನೀರೇ ಇರಲಿಲ್ಲ. ಮುದುಡಿ ಒಂದು ಮೂಲೆಗೆ ಅಂಟಿಕೊಂಡಿತ್ತು.

"ಇವತ್ತೇ ದೊಡ್ಡಾಸ್ಪತ್ರೆಗೆ ಹೊರಡಿ" ಎಂದರು ಡಾಕ್ಟರಮ್ಮ. "ಇಬ್ಬರ ನಡುವೆ ಕೂಡಿಕೊಂಡಿರೋ ರಕ್ತನಾಳಗಳನ್ನ ಲೇಸರಿನಿಂದ ಮುಚ್ತಾರೆ. ಎರಡೂ ಉಳಿಯುತ್ತೆ ಅಂತ ಮಾತು ಕೊಡಲಾರೆ. ಆದ್ರೆ ಸಮಯಕ್ಕೆ ಸರಿಯಾಗಿ ಬಂದಿದೀರಿ."

ಬೇಕರಿ ಅಮ್ಮ ಸೊಸೆಯ ಚೀಟಿಗಳನ್ನೆಲ್ಲ ಬಾಚಿಕೊಂಡು ಎದ್ದಳು. ಅವಳ ಮಾತಿನಂತೆ ನಡೆದಿದ್ದರೆ ಆ ಹೊತ್ತು ಯಾರೂ ಆಸ್ಪತ್ರೆಯ ಮೆಟ್ಟಿಲು ಹತ್ತುತ್ತಿರಲಿಲ್ಲ.

ಚಿಕಿತ್ಸೆಯ ಮರುದಿನ ಪರದೆಯ ಮೇಲೆ ಎರಡು ಪುಟ್ಟ ಗುಂಡಿಗೆಗಳು ಪಟಪಟನೆ ಬಡಿಯುವುದನ್ನು ಅವಳು ಕಣ್ಣಾರೆ ಕಂಡಳು. ಸೊಸೆಯ ಕೈಯನ್ನು ಎರಡೂ ಕೈಯಿಂದ ಹಿಡಿದು, "ನನ್ನ ಮಾತು ಮೀರಿದೆಯಲ್ಲ, ನೂರ್ಕಾಲ ಬಾಳು ಕಣೇ" ಎಂದು ಅತ್ತಳು. ಪಕ್ಕದಲ್ಲಿ ನಿಂತ ಮಗಳ ಮುಖ ನೋಡುವ ಧೈರ್ಯ ಸಾಲಲಿಲ್ಲ; ಸುಮ್ಮನೆ ತಬ್ಬಿಕೊಂಡಳು. ಮಗಳೂ ಬಿಡಿಸಿಕೊಳ್ಳಲಿಲ್ಲ. ಆ ಕೃತಜ್ಞತೆಯ ಭಾರಕ್ಕೆ ಮುದುಕಿಯ ಮೊಂಡುತನ ನೀರಾಗಿ ಹೋಯಿತು.

ಊರಿಗೆ ಮರಳಿದವಳು ಮನೆಗೂ ಹೋಗದೆ ನೇರ ಎದುರುಮನೆಗೆ ನಡೆದಳು. ದರ್ಜಿಯ ಹೆಂಡತಿ ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದಳು. ಬೇಕರಿ ಅಮ್ಮನನ್ನು ಕಂಡು, ಇಷ್ಟು ವರ್ಷದ ರೂಢಿಯಂತೆ ತಲೆ ತಗ್ಗಿಸಿದಳು.

"ಸೊಸೆ ಬಸುರಿ. ಅವಳಿ. ಐದಿನ್ನೂ ತುಂಬಿಲ್ಲ, ಅಪಾಯಾನೂ ಪೂರ್ತಿ ಕಳೆದಿಲ್ಲ. ಆದ್ರೂ ನಿನಗೇ ಮೊದ್ಲು ಹೇಳೋಣ ಅಂತ ಬಂದೆ. ಇಲ್ಲದ ಕಳಂಕ ಹಚ್ಚಿದೆ ನಿನಗೆ. ತಪ್ಪಾಯ್ತು ತಂಗಿ. ಬಾ, ಅವಳನ್ನ ಕಣ್ತುಂಬಾ ನೋಡು."

ದರ್ಜಿಯ ಹೆಂಡತಿಯ ಕಣ್ಣಲ್ಲಿ ನೀರು ತುಂಬಿತು. ಆದರೆ ಅವಳು ಏಳಲಿಲ್ಲ. ಮುಚ್ಚಿದ ಒಳಕೋಣೆಯತ್ತ ತಿರುಗಿ, ಪಿಸುದನಿಯಲ್ಲಿ, "ಅಕ್ಕ, ನನ್ನ ಮಗಳಿಗೂ ಮೂರು ತಿಂಗಳು. ಯಾರಿಗೂ ಹೇಳಿಲ್ಲ. ನಿನ್ನೆಯಿಂದ ಸ್ವಲ್ಪ ರಕ್ತ ಕಾಣಿಸ್ತಿದೆ. ಐದು ತುಂಬಲಿ ಅಂತ..." ಎಂದಳು.

"ಅಯ್ಯೋ, ಮತ್ತೆ ಕೂತಿದೀಯಲ್ಲೇ! ಏಳು, ಹೊರಡಿಸು ಅವಳನ್ನ!"

ಬೇಕರಿ ಅಮ್ಮ ಬೀದಿಗಿಳಿದು, ಹೋಗುತ್ತಿದ್ದ ಆಟೋಗೆ ಅಡ್ಡ ನಿಂತಳು. "ಎಲ್ಲಿಗಮ್ಮ?" ಎಂದ ಆಟೋದವನಿಗೆ, ಕಿಟಕಿ ಕಿಟಕಿಗೂ ಕೇಳುವಂತೆ ಹೇಳಿದಳು, "ಆಸ್ಪತ್ರೆಗಪ್ಪಾ! ಬಸುರಿ ಇದ್ದಾಳೆ, ಮೂರು ತಿಂಗಳು!"