ಬಸವಲಿಂಗಮ್ಮನ ಕಣ್ಣು

ಕ್ಯಾಮೆರಾ ಚೀಲವನ್ನು ರಂಗಣ್ಣನ ಕಡೆಗೆ ಸರಿಸಿ ಗಂಗಾಂಬಿಕೆಯೇ ಹೇಳಿದಳು, “ತಗೊಂಡೋಗ್ಬಿಡಿ ರಂಗಣ್ಣೋರೆ. ಇನ್ನೊಂದು ಗಳಿಗೆ ಇಲ್ಲಿದ್ರೆ ನಮ್ಮನೆಯವ್ರು ಮನಸ್ಸು ಬದಲಾಯಿಸ್ತಾರೆ.”

ಮಂಡಿಪೇಟೆಯಲ್ಲಿ ಹೊಸದಾಗಿ ಸ್ಟುಡಿಯೋ ಹಾಕುತ್ತಿದ್ದ ರಂಗಣ್ಣ ಕ್ಯಾಮೆರಾ ಕೊಳ್ಳಲು ಬಂದಿದ್ದ. ಅವಳ ಗಂಡ ಸದಾಶಿವಯ್ಯ ಮಾತ್ರ ಬಟವಾಡಿಯ ಆ ಬಾಡಿಗೆ ಕೋಣೆಯಲ್ಲಿ ಕೂರಲಾರದೆ ಬಾಗಿಲಿಗೂ ಕಿಟಕಿಗೂ ಓಡಾಡುತ್ತಿದ್ದ. ನಾಳೆ ಬೆಳಿಗ್ಗೆ ಕುಣಿಗಲ್ಲಿನ ಸೊಸೈಟಿಯಲ್ಲಿ ಗುಮಾಸ್ತನ ಕೆಲಸಕ್ಕೆ ಸೇರಬೇಕು. ಕ್ಯಾಮೆರಾ ಮಾರಿಯೇ ಹೊರಡುವುದೆಂದು ಹೆಂಡತಿಗೆ ಮಾತು ಕೊಟ್ಟಾಗಿತ್ತು.

ಅವಳನ್ನು ದೂರಿ ಏನು ಬಂತು? ಗುಬ್ಬಿಯ ಹೈಸ್ಕೂಲಿನಲ್ಲಿದ್ದಾಗ ಸೋದರಮಾವನ ಡಬ್ಬಿ ಕ್ಯಾಮೆರಾ ಕೈಗೆ ಸಿಕ್ಕಿದ್ದೇ ಸಿಕ್ಕಿದ್ದು, ಈ ಮನುಷ್ಯನ ಕಾಲು ಒಂದು ಕಡೆ ನಿಂತದ್ದಿಲ್ಲ. ಬಸ್ಸಿನಲ್ಲಿ ಕಂಡಕ್ಟರ್ ಆದ. ಮಾರ್ಕೋನಹಳ್ಳಿ ಕಟ್ಟೆ ತುಂಬಿ ಹರಿಯುವುದರ ಫೋಟೋ ತೆಗೆಯಲು ಬಸ್ಸು ನಿಲ್ಲಿಸಿ ಕೆಲಸ ಕಳೆದುಕೊಂಡ. ಟೂರಿಂಗ್ ಟಾಕೀಸಿನಲ್ಲಿ ರೀಲು ಓಡಿಸಿದ, ಡ್ರಾಯಿಂಗ್ ಮೇಷ್ಟ್ರಾದ, ಅಂಗಡಿಗಳಿಗೆ ಬೋರ್ಡು ಬರೆದ. ಎಲ್ಲವನ್ನೂ ಬಿಟ್ಟ, ಕ್ಯಾಮೆರಾ ಮಾತ್ರ ಬಿಡಲಿಲ್ಲ. ಗಂಟುಮೂಟೆ ಕಟ್ಟಿ ಬಿಚ್ಚಿ ಗಂಗಾಂಬಿಕೆ ರೋಸಿಹೋಗಿದ್ದಳು.

“ಚೇಳೂರಿನೋರು ಫೋಟೋಕ್ಕೆ ಬರ್ತಾರೆ, ಅದೊಂದು ಕೊಟ್ಬಿಡ್ತೀನಿ,” ಎಂದ ಸದಾಶಿವಯ್ಯ.

ಅಷ್ಟರಲ್ಲಿ ಚೇಳೂರಿನ ಕಲ್ಲಮ್ಮ ಬಂದೇಬಿಟ್ಟಳು. ಹೋದ ತಿಂಗಳು ಅವಳ ತಾಯಿ ಬಸವಲಿಂಗಮ್ಮ ತೀರಿಕೊಂಡಾಗ, ಬದುಕಿದ್ದಾಗಿನದು ಒಂದು ಫೋಟೋವೂ ಇಲ್ಲವೆಂದು ಇವನನ್ನು ಕರೆಸಿದ್ದರು. ತಮ್ಮವರ ಪದ್ಧತಿಯಂತೆ ಮುದುಕಿಯನ್ನು ಕುರ್ಚಿಯಲ್ಲಿ ಕೂರಿಸಿ, ವಿಭೂತಿ ಹಚ್ಚಿ, ಹಾರ ಹಾಕಿದ್ದರು. ಮುಚ್ಚಿದ ಕಣ್ಣಿನ ಫೋಟೋ ಗೋಡೆಗೆ ಹಾಕಲು ಯಾರಿಗೂ ಮನಸ್ಸಾಗುವುದಿಲ್ಲ. ಅದಕ್ಕೇ ಇಂಥ ಫೋಟೋಗಳಿಗೆ ಸಣ್ಣ ಕುಂಚದಲ್ಲಿ ಕಣ್ಣು ತೆರೆದಂತೆ ಬರೆದುಕೊಡುವುದು ಸದಾಶಿವಯ್ಯನ ರೂಢಿ. ಇದು ಕಡೆಯ ಕೆಲಸವೆಂದು ಮನಸ್ಸಿಟ್ಟು ಬರೆದಿದ್ದ.

ಕಲ್ಲಮ್ಮ ಫೋಟೋ ನೋಡಿದಳು. ಅವಳ ಮುಖ ಬಿಳುಚಿಕೊಂಡಿತು.

“ಯಾರಣ್ಣ ಹೇಳಿದ್ದು ನಿಂಗೆ ಕಣ್ಣು ಬರಿ ಅಂತ?”

“ಯಾಕಮ್ಮ, ಸರಿಬರ್ಲಿಲ್ವಾ?”

“ನಮ್ಮವ್ವಂಗೆ ಕಣ್ಣೇ ಕಾಣ್ತಿರ್ಲಿಲ್ಲ ಕಣಣ್ಣ. ಚಿಕ್ಕೋಳಿದ್ದಾಗ್ಲೇ ಸಿಡುಬಾಗಿ ಹೋಗಿದ್ವು. ನಾನು ಹೆಂಗಿವ್ನಿ ಅಂತ ಮುಖ ಸವರಿ ತಿಳ್ಕೊತಿದ್ಲು, ಅಷ್ಟೆ.”

ಸದಾಶಿವಯ್ಯನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಛೆ, ಒಂದು ಮಾತು ಕೇಳಬಾರದಿತ್ತೇ? “ತಪ್ಪಾಯ್ತು ತಾಯಿ, ಬೇರೆ ಪ್ರಿಂಟ್ ಹಾಕ್ಕೊಡ್ತೀನಿ,” ಎಂದು ಕೈ ಚಾಚಿದ.

ಕಲ್ಲಮ್ಮ ಕೊಡಲಿಲ್ಲ. ಫೋಟೋವನ್ನು ಗೋಡೆಗೆ ಒರಗಿಸಿಟ್ಟು ಕಿಟಕಿಯ ಹತ್ತಿರ ಹೋಗಿ ನಿಂತಳು. ಆಮೇಲೆ ಬಾಗಿಲ ಹತ್ತಿರ ನಿಂತಳು. ಸೆರಗು ಸರಿಮಾಡಿಕೊಂಡು, ಕೆದರಿದ ಕೂದಲು ನೇವರಿಸಿಕೊಂಡು ಮತ್ತೆ ಎದುರಿಗೆ ಬಂದಳು.

“ಎಲ್ಲೋದ್ರೂ ನನ್ನೇ ನೋಡ್ತಾ ಅವ್ಳೆ,” ಎಂದು ಬಿಕ್ಕಿದಳು. “ಇರ್ಲಿ ಬುಡಣ್ಣ. ನೋಡ್ಕೊಳ್ಲಿ.”

ಫೋಟೋವನ್ನು ಎದೆಗವಚಿಕೊಂಡು ಅವಳು ಹೊರಟುಹೋದಳು. ರಂಗಣ್ಣ ಮೆಲ್ಲಗೆ ಚೀಲಕ್ಕೆ ಕೈ ಹಾಕಿದ. ಗಂಗಾಂಬಿಕೆ ಅದರ ಪಟ್ಟಿ ಹಿಡಿದುಕೊಂಡಳು.

“ಒಂದ್ನಿಮಿಷ ಇರಿ,” ಎಂದವಳು ಗಂಡನ ಕಡೆ ತಿರುಗಿದಳು. “ಊರೋರ ಮದ್ವೆ, ಊರೋರ ಸಾವು, ಎಲ್ಲಾ ತೆಗ್ದ್ರಿ. ನಂದು ತೆಗಿಯೋಕೆ, ನನಗೂ ಹಾರ ಹಾಕಿ ಕುರ್ಚಿಲಿ ಕೂರ್ಸ್ಲಿ ಅಂತ ಕಾಯ್ತಿದೀರೇನು?”

ಸದಾಶಿವಯ್ಯ ಓಡಾಡುವುದನ್ನು ನಿಲ್ಲಿಸಿದ. ಅವಳ ಕೈಯಿಂದ ಚೀಲ ಇಸಿದುಕೊಂಡು ಕ್ಯಾಮೆರಾ ಹೊರತೆಗೆದ.

“ರೀಲು ಇನ್ನೂ ಐತೆ ರಂಗಣ್ಣ. ಮುಗೀಲಿ.”

“ಮುಗಿಯೋದು ಯಾವಾಗ?” ಎಂದ ರಂಗಣ್ಣ.

ಗಂಗಾಂಬಿಕೆ ಕುರ್ಚಿಯನ್ನು ಕಿಟಕಿಯ ಬೆಳಕಿಗೆ ಎಳೆದುಕೊಂಡು ಕೂತಳು. ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತಿತ್ತು, ನೀರು ತುಂಬಿಕೊಳ್ಳುತ್ತಿತ್ತು. ಆದರೂ ಅವಳು ರೆಪ್ಪೆ ಮಿಟುಕಿಸಲಿಲ್ಲ.